ಕ್ಯಾಮರಾ ಹಿಡಿದವ ಎಂತ ತಿನ್ನುದು?

ನಾನು ಪುತ್ತೂರಿನಲ್ಲಿ ಹಾಸಿಗೆ ಮಾರುವವನು. ಸ್ಪ್ರಿಂಗಿನದ್ದು, ಫೋಮಿನದ್ದು, ಹತ್ತಿಯದ್ದು, ತೆಂಗಿನ ನಾರಿನದ್ದು, ಯಾವುದು ಕೇಳಿದರೂ ನನ್ನ ಅಂಗಡಿಯಲ್ಲಿದೆ. ಗಿರಾಕಿಗಳಿಗೆ ಮಲಗಿ ತೋರಿಸಿ ತೋರಿಸಿ ನನ್ನ ಬೆನ್ನು ಎಷ್ಟು ಮೆತ್ತಗಾಗಿದೆಯೆಂದರೆ, ಮದುವೆ ಹಾಲಿನ ಕಬ್ಬಿಣದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತರೂ ಮರುದಿನ ಎಣ್ಣೆ ತಿಕ್ಕಬೇಕು. ಇಂಥ ನಾನು ಒಬ್ಬನೇ ಕಾಡಿನಲ್ಲಿ ಒಂದು ರಾತ್ರಿ ಕಳೆಯಲು ಹೊರಟದ್ದಕ್ಕೆ ಮೊದಲ ಕಾರಣ ಟಿವಿ. ಎರಡನೆಯ ಕಾರಣ ನನ್ನ ಬಾಯಿ.

ಅಂಗಡಿ ಮುಚ್ಚಿ ಬೆಟ್ಟಂಪಾಡಿಯ ಮನೆಗೆ ಬಂದು, ಕಾಲು ಚಾಚಿ ಕೂತು ನಾನು ನೋಡುವುದು ಒಂದೇ ಕಾರ್ಯಕ್ರಮ. ಅದರಲ್ಲಿ ಒಬ್ಬ ಸಾಹಸಿ ಹೆಲಿಕಾಪ್ಟರಿನಿಂದ ಕಾಡಿಗೆ ಧುಮುಕುತ್ತಾನೆ. ಕೈಯಲ್ಲಿ ಒಂದು ಚಾಕು, ಸೊಂಟದಲ್ಲಿ ಒಂದು ಬಾಟಲಿ, ಅಷ್ಟೆ. ಎಲೆಯ ಮೇಲಿನ ಇಬ್ಬನಿ ನೆಕ್ಕುತ್ತಾನೆ, ಮರದ ಪೊಟರೆಯಿಂದ ಹುಳ ತೆಗೆದು ಬಾಯಿಗೆ ಹಾಕುತ್ತಾನೆ, ಮೈಗೆ ಕೆಸರು ಮೆತ್ತಿಕೊಂಡು ಸೊಳ್ಳೆಗಳಿಗೆ ಮೋಸ ಮಾಡುತ್ತಾನೆ. ಅವನು ಹುಳ ಜಗಿಯುವಾಗ ನಾನು ಚಪಾತಿ ಜಗಿಯುತ್ತಾ ತಲೆದೂಗುತ್ತೇನೆ. ಎಲ್ಲವನ್ನೂ ಕನ್ನಡಕ್ಕೆ ಡಬ್ ಮಾಡಿದ್ದಾರೆ. ಹಾಗಾಗಿ ಅಮೆಜಾನ್ ಕಾಡಿನ ಹುಳದ ರುಚಿ ನಮಗೆ ಶುದ್ಧ ಬೆಂಗಳೂರು ಕನ್ನಡದಲ್ಲೇ ತಿಳಿಯುತ್ತದೆ.

ನನ್ನ ಹೆಂಡತಿ ಮೈಮೂನಳಿಗೆ ಈ ಮನುಷ್ಯನ ಮೇಲೆ ಮೊದಲಿನಿಂದಲೂ ಸಂಶಯ. ಒಂದು ದಿನ ಅವನು ಬಾಯಾರಿ, ನಾಲಗೆ ಹೊರಚಾಚಿ ಮರಳಿನಲ್ಲಿ ತೆವಳುತ್ತಿದ್ದಾಗ ಅವಳು ಪಾತ್ರೆ ಒರೆಸುತ್ತಾ ಬಂದು ಟಿವಿಯ ಎದುರು ನಿಂತಳು.

“ಅಲ್ಲ, ಇವ ಹುಳ ತಿನ್ನುದು ಸರಿ. ಕ್ಯಾಮರಾ ಹಿಡಿದವ ಎಂತ ತಿನ್ನುದು?”

ನಾವು ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ. ಬ್ಯಾರಿಯಲ್ಲಿ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ. ನಿಮಗಾಗಿ ತುಸು ಮೊಂಡು ಮಾಡಿ ಕನ್ನಡದಲ್ಲಿ ಹೇಳಿದ್ದೇನೆ. ಕ್ಯಾಮರಾದವನ ಬುತ್ತಿಯಿಂದ ಈ ಪಾಪದವನಿಗೂ ಎರಡು ತುತ್ತು ಕೊಡಬಾರದಾ, ಅಷ್ಟೂ ಕರುಣೆ ಇಲ್ಲದ ಜನವಾ ಎಂದು ಕೇಳಿ ಅವಳು ಒಳಗೆ ಹೋದಳು. ಅಂದಿನಿಂದ ನಾನು ಆ ಕಾರ್ಯಕ್ರಮ ನೋಡುವಾಗಲೆಲ್ಲ ಕಣ್ಣು ಸಾಹಸಿಯನ್ನು ಬಿಟ್ಟು ಅವನ ಹಿಂದಿನ ಪೊದೆಗಳಲ್ಲಿ ಬಿರಿಯಾನಿ ಪೊಟ್ಟಣ ಹುಡುಕತೊಡಗಿತು.

ಹೀಗಿರುವಾಗ ನಮ್ಮ ಮಗಳು ಶಮೀಮಳಿಗೆ ಒಂದು ಸಂಬಂಧ ಬಂತು. ಹುಡುಗನಿಗೆ ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ. ಅವನ ತಂದೆ ಅದ್ರಾಮ ಹಾಜಿ ಪಂಜದ ಕಡೆ ರಬ್ಬರ್ ತೋಟ ಇರುವವರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಆ ಮನೆಯ ಮಾತು ಬಂದಾಗಲೆಲ್ಲ ಶಮೀಮ ನಾಚಿ ಒಳಗೆ ಹೋಗುತ್ತಿದ್ದಳು, ಹೋಗಿ ಬಾಗಿಲ ಸಂದಿನಲ್ಲಿ ಕಿವಿ ಕೊಟ್ಟು ನಿಲ್ಲುತ್ತಿದ್ದಳು. ಇನ್ನು ಹಿರಿಯರೆಲ್ಲ ಕೂತು ದಿನ ನಿಶ್ಚಯ ಮಾಡುವುದೊಂದೇ ಬಾಕಿ. ಹಾಜಿಯವರು ಏನೋ ಕೆಲಸಕ್ಕೆ ಪುತ್ತೂರಿಗೆ ಬಂದವರು ನಮ್ಮ ಮನೆಗೂ ಬಂದರು. ಅವರು ಬಂದ ಹೊತ್ತಿಗೆ ಟಿವಿಯಲ್ಲಿ ಸಾಹಸಿ ಮೊಸಳೆಯ ಪಕ್ಕ ಮಲಗಿದ್ದ.

ಆಫ್ ಮಾಡಲು ಹೋದರೆ ಹಾಜಿಯವರು ಬಿಡಲಿಲ್ಲ. ಅವರೂ ತಪ್ಪದೆ ನೋಡುವವರಂತೆ! ಚಹಾ ಕುಡಿಯುತ್ತಾ, ಇದೆಲ್ಲ ಏನು ಮಹಾ, ನಮ್ಮ ತೋಟಕ್ಕೆ ಆನೆ ಬರುದುಂಟು, ನಾನು ಎದುರು ನಿಂತು ಒಂದು ಬೊಬ್ಬೆ ಹಾಕಿದರೆ ಅದು ಬಾಲ ಮಡಚಿ ಹೋಗುದು ಎಂದು ಹೇಳಿ ಗಡ್ಡ ನೀವಿಕೊಂಡರು. ಗಂಡಿನ ಅಪ್ಪ ಆನೆ ಓಡಿಸುವಾಗ ಹೆಣ್ಣಿನ ಅಪ್ಪ ಬರೇ ಹಾಸಿಗೆ ಮಾರಿಕೊಂಡು ಕೂರುವುದು ಹೇಗೆ? ನನ್ನ ಬಾಯಿ ನನ್ನ ಅಪ್ಪಣೆ ಕೇಳದೆ ತೆರೆಯಿತು.

“ನಾನೂ ಕಾಡಲ್ಲಿ ಒಬ್ಬನೇ ಮಲಗಿದವನೇ ಹಾಜಿಯವರೇ. ಒಂದು ಕತ್ತಿ ಬಿಟ್ಟರೆ ಬೇರೆಂತ ಇರಲಿಲ್ಲ.”

ಹಾಜಿಯವರ ಮುಖ ಅರಳಿತು. ಆದಿತ್ಯವಾರ ದಿನ ನಿಶ್ಚಯಕ್ಕೆ ಮನೆಯವರೆಲ್ಲ ಬರುತ್ತಾರೆ, ಆವಾಗ ಎಲ್ಲರ ಎದುರು ಪೂರ್ತಿ ಕಥೆ ಆಗಬೇಕು ಎಂದು ಹೇಳಿ ಎದ್ದರು.

ಅವರ ಕಾರು ತಿರುವು ದಾಟಿತೋ ಇಲ್ಲವೋ, ಮೈಮೂನ ಎದುರು ಬಂದು ನಿಂತಳು. ಕರೆಂಟು ಹೋದರೆ ಪಕ್ಕದಲ್ಲಿರುವ ಟಾರ್ಚಿಗೂ ನನ್ನನ್ನು ಎಬ್ಬಿಸುವ ನೀವು ಕಾಡಲ್ಲಿ ಮಲಗಿದ್ದು ಯಾವ ಜನ್ಮದಲ್ಲಿ ಎಂದು ಕೇಳಿದಳು. ನಾನು ನಕ್ಕು ತೇಲಿಸಲು ನೋಡಿದೆ. ಅವಳು ನಗಲಿಲ್ಲ.

“ಹೆಣ್ಣಿನ ಮನೆಯವರ ಮಾತಲ್ಲಿ ಒಂದು ಸುಳ್ಳು ಸಿಕ್ಕಿದರೆ ಸಾಕು. ನಮ್ಮ ಹುಡುಗಿಯ ಬಗ್ಗೆ ನಾವು ಹೇಳಿದ್ದನ್ನೂ ಅವರು ಅದೇ ತಕ್ಕಡಿಯಲ್ಲಿ ತೂಗುದು. ಶಮೀಮಳ ಮುಖ ನೋಡಿದ್ದೀರಾ ನೀವು?”

ನೋಡಿದ್ದೆ. ಬಾಗಿಲ ಸಂದಿನಲ್ಲಿ ಅರ್ಧ ಮುಖ ಕಾಣುತ್ತಿತ್ತು, ಆ ಅರ್ಧ ಮುಖವೂ ಬಾಡಿತ್ತು.

ಇಡೀ ದಿನ ಅಂಗಡಿಯಲ್ಲಿ ಹಾಸಿಗೆಯ ಮೇಲೆ ಮಲಗಿ ಯೋಚಿಸಿದೆ. ಹೇಳಿದ ಸುಳ್ಳನ್ನು ಹಿಂದೆ ತೆಗೆದುಕೊಂಡರೆ ಅವಮಾನ. ಆದರೆ ಸುಳ್ಳನ್ನು ನಿಜ ಮಾಡಿಬಿಟ್ಟರೆ? ಆದಿತ್ಯವಾರಕ್ಕೆ ಮೊದಲು ಒಂದು ಹಗಲು ಒಂದು ರಾತ್ರಿ ಕಾಡಿನಲ್ಲಿದ್ದು ಬಂದರೆ, ನಾನು ಕಾಡಲ್ಲಿ ಮಲಗಿದವ ಎಂಬುದು ನೂರಕ್ಕೆ ನೂರು ಸತ್ಯ. ತಾರೀಕು ಮಾತ್ರ ಸ್ವಲ್ಪ ಹಿಂದೆ ಮುಂದೆ! ಜೊತೆಗೆ ಎಲ್ಲವನ್ನೂ ನನ್ನ ಮೊಬೈಲಿನಲ್ಲಿ ನಾನೇ ವಿಡಿಯೋ ಮಾಡುತ್ತೇನೆ. ಕ್ಯಾಮರಾದವನೇ ಇಲ್ಲದ ಮೇಲೆ ಅವನು ತಿನ್ನುವ ಪ್ರಶ್ನೆಯೂ ಇಲ್ಲ. ಬೀಗರಿಗೂ ಹೆಂಡತಿಗೂ ಒಂದೇ ಏಟಿಗೆ ಉತ್ತರ ಕೊಡುವ ಈ ಯೋಜನೆಯನ್ನು ಕಂಡು ನನಗೆ ನನ್ನ ಮೇಲೆಯೇ ಗೌರವ ಉಂಟಾಯಿತು.

ಸರ್ಕಾರದ ಕಾಡಿಗೆ ನುಗ್ಗಿದರೆ ಬದುಕುಳಿಯುವ ವಿದ್ಯೆಯನ್ನು ಠಾಣೆಯಲ್ಲಿ ಪ್ರದರ್ಶಿಸಬೇಕಾಗುತ್ತದೆ. ಹಾಗಾಗಿ ಹಳೆಯ ಗೆಳೆಯ ಜಯರಾಮನಿಗೆ ಫೋನ್ ಮಾಡಿದೆ. ಅವನ ಮನೆ ನೆಟ್ಟಣದಿಂದ ಪಂಜಕ್ಕೆ ಹೋಗುವ ಬದಿಯಲ್ಲಿ, ಮನೆಯ ಹಿಂದೆಯೇ ಅವನ ಸ್ವಂತ ಗುಡ್ಡ. “ಗುಡ್ಡೆ ಹತ್ತಲಿಕ್ಕೆ ಪರ್ಮಿಷನ್ ಎಂತದು ಮಾರಾಯ? ನೆತ್ತಿಯವರೆಗೆ ನಮ್ಮದು, ಆಚೆ ಬದಿ ಯಾರೋ ಹಾಜಿಗಳದ್ದು. ನೀನು ಬಾ” ಎಂದ. ನಮ್ಮ ಊರುಗಳಲ್ಲಿ ಹಾಜಿಗಳಿಗೆ ಬರವೇ? ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಶುಕ್ರವಾರ ಕಳೆದು ಶನಿವಾರ ಬೆಳಿಗ್ಗೆ ರೈಲು ಹತ್ತಿ ನೆಟ್ಟಣದಲ್ಲಿ ಇಳಿದೆ. ಕೈಯಲ್ಲಿ ಪೇಪರು ಸುತ್ತಿದ ಕತ್ತಿ, ಸೊಂಟದಲ್ಲಿ ಖಾಲಿ ಬಾಟಲಿ, ಕಿಸೆಯಲ್ಲಿ ಮೊಬೈಲು. ಮೈಮೂನಳಿಗೆ ಸತ್ಯವನ್ನೇ ಹೇಳಿದ್ದೆ. ಅವಳು ಬುತ್ತಿ ಕಟ್ಟಲು ಹೊರಟದ್ದನ್ನು ಖಂಡಿತವಾಗಿ ನಿರಾಕರಿಸಿದ್ದೆ. ಬೆಳಗಿನ ಚಹಾವನ್ನೂ ತ್ಯಾಗ ಮಾಡಿದ್ದೆ.

ಜಯರಾಮನಿಗೆ ಬಂದೆ ಎಂದು ಒಂದು ಮಾತು ಹೇಳಿ ಗುಡ್ಡ ಹತ್ತುವುದೆಂದು ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ ಮನೆಗೆ ಬಂದವನಿಗೆ ಬೆಲ್ಲ ನೀರು ಕೊಡದೆ ಮಾತು ಶುರುವಾಗುವುದಿಲ್ಲ. ಬೆಲ್ಲ ನೀರು ಬೇಡವೆಂದರೆ ಆ ಮನೆಗೆ ಅವಮಾನ. ಬೆಲ್ಲದ ಹಿಂದೆ ಚಹಾ ಬಂತು, ಚಹಾದ ಹಿಂದೆ ಅವಲಕ್ಕಿ, ಅವಲಕ್ಕಿಯ ಹಿಂದೆ ಬಾಳೆಹಣ್ಣು. ಜಯರಾಮನ ಹೆಂಡತಿ ದೋಸೆಯ ಕಾವಲಿ ಇಡುವ ಸದ್ದು ಕೇಳಿದ ಮೇಲೆ ನಾನು ಬೇಡವೆಂದು ಹೇಳುವ ಶಕ್ತಿಯನ್ನೇ ಕಳೆದುಕೊಂಡೆ. ಟಿವಿಯ ಸಾಹಸಿಯನ್ನು ಯಾರೂ ಇಲ್ಲದ ದೇಶಗಳಲ್ಲಿ ಇಳಿಸುವುದು ಯಾಕೆಂದು ನನಗೆ ಆಗ ಅರ್ಥವಾಯಿತು. ಅವನನ್ನು ಸುಳ್ಯ, ಕಡಬದ ಕಡೆ ಇಳಿಸಿದರೆ ಹಸಿವಿನ ಸೀನು ತೆಗೆಯುವುದು ಸಾಧ್ಯವೇ ಇಲ್ಲ. ಅಂತೂ ಅರಣ್ಯವಾಸಕ್ಕೆ ಹೊರಟವನು ತೇಗುತ್ತಾ ಹೊರಟೆ.

ಗುಡ್ಡದಲ್ಲಿ ಚಿತ್ರೀಕರಣ ಶುರು ಮಾಡಿದೆ. ಸಾಹಸಿ ಒಬ್ಬನೇ ಬೆನ್ನು ಹಾಕಿ ದೂರ ದೂರ ನಡೆದುಹೋಗುವ ದೃಶ್ಯ ನನಗೆ ಬಹಳ ಇಷ್ಟ. ಅದನ್ನೇ ಮೊದಲು ತೆಗೆಯೋಣವೆಂದು ಕಲ್ಲಿಗೆ ಮೊಬೈಲು ಒರಗಿಸಿ, ಬೆನ್ನು ಹಾಕಿ, ಗಂಭೀರವಾಗಿ ಏರು ಹತ್ತಿದೆ. ಮೇಲೆ ತಲುಪಿದ ಮೇಲೆ ನೆನಪಾಯಿತು, ಮೊಬೈಲು ಕೆಳಗಿದೆ! ಇಳಿದು ಬಂದು ತೆಗೆದುಕೊಂಡು ಮತ್ತೆ ಹತ್ತಿದೆ. ಒಂಟಿ ಪಥಿಕನಾಗಿ ಕಾಣಬೇಕಾದರೆ ಪ್ರತಿಯೊಂದು ಏರನ್ನೂ ಹತ್ತಿ, ಇಳಿದು, ಮತ್ತೆ ಹತ್ತಬೇಕು. ಟಿವಿಯಲ್ಲಿ ಅವನು ಹಾಗೆ ನಡೆದುಹೋಗುವಾಗ ಹಿಂದೆ ಒಂದು ದಂಡೇ ನಿಂತಿರುತ್ತದೆ ಎಂಬ ಜ್ಞಾನ ನನಗೆ ಮೊಣಕಾಲಿನ ಮೂಲಕ ಬಂತು.

ನೆತ್ತಿ ದಾಟಿ ಆಚೆ ಬದಿ ಇಳಿದಾಗ ಅಲ್ಲಿ ರಬ್ಬರ್ ತೋಟ. ಸಾಲು ಸಾಲು ಮರಗಳು, ಬುಡದ ತುಂಬ ಉದುರಿದ ಒಣ ಎಲೆ. ಕೆಲಸದವರು ಬೆಳಗಿನ ರಬ್ಬರ್ ಹಾಲು ತೆಗೆದು ಹೋಗಿದ್ದರು. ಮರಗಳಿಗೆ ಕಟ್ಟಿದ ತಂತಿಯಲ್ಲಿ ಹಾಲು ಹಿಡಿಯುವ ಕಪ್ಪುಗಳು ಖಾಲಿ ಕೂತಿದ್ದವು. ಆಹಾ, ಮೊಬೈಲು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಸ್ಟ್ಯಾಂಡು ಉಂಟೆ! ಒಂದು ಕಪ್ಪಿನೊಳಗೆ ಮೊಬೈಲನ್ನು ನೆಟ್ಟಗೆ ಕೂರಿಸಿದೆ. ನಡುವೆ ಫೋನ್ ಬಂದು ತೊಂದರೆಯಾಗದಿರಲೆಂದು ವಿಮಾನದ ಗುರುತನ್ನೂ ಒತ್ತಿದೆ. ರೆಕಾರ್ಡಿಂಗ್ ಶುರು ಮಾಡಿ, ಕತ್ತಿ ಎತ್ತಿ ಹಿಡಿದು, ಮರಗಳ ನಡುವೆ ಮರೆಯಾಗುವವರೆಗೆ ನಡೆದೆ. ಆಮೇಲೆ ಹಿಂದೆ ತಿರುಗಿದೆ.

ಎಲ್ಲ ಮರಗಳೂ ಒಂದೇ. ಎಲ್ಲ ಮರಗಳಿಗೂ ಒಂದೊಂದು ತಂತಿ, ಒಂದೊಂದು ಕಪ್ಪು.

ಕಾಡಿನಲ್ಲಿ ಮನುಷ್ಯ ಕಳೆದುಹೋಗುವುದನ್ನು ಕೇಳಿದ್ದೆ. ಮನುಷ್ಯ ಸರಿಯಾಗಿ ಇದ್ದು, ಕ್ಯಾಮರಾ ಕಳೆದುಹೋದದ್ದು ಇದೇ ಮೊದಲಿರಬೇಕು. ಸಾಲು ಹಿಡಿದು ಪ್ರತಿಯೊಂದು ಕಪ್ಪಿಗೂ ಇಣುಕಿದೆ. ಯಾವ ಸಾಲು ನೋಡಿಯಾಗಿದೆ, ಯಾವುದು ಬಾಕಿ ಎಂಬುದೂ ಮರೆತುಹೋಯಿತು. ಕೊನೆಗೆ ಮರಗಳಿಗೆ ಬೈದೆ. ಅದಾದ ಮೇಲೆ ಬೇಡಿಕೊಂಡೆ. ಬಿಸಿಲು ಏರಿತು, ದೋಸೆ ಕರಗಿತು, ಗಂಟಲು ಒಣಗಿತು.

ಆಗ ಎಲೆಗಳ ಕೆಳಗೆ ನೀರಿನ ಸದ್ದು ಕೇಳಿಸಿತು. ಒರತೆ! ಎಲೆ ಸರಿಸಿ ನೋಡಿದರೆ ಒಂದು ಕರಿಯ ಪೈಪು, ಎರಡು ಪೈಪು ಸೇರುವಲ್ಲಿ ಕ್ಲಿಪ್ಪು, ಕ್ಲಿಪ್ಪಿನ ಸಂದಿನಿಂದ ತೊಟ್ಟು ತೊಟ್ಟು ನೀರು. ಪ್ರಕೃತಿಯಲ್ಲಿ ಕ್ಲಿಪ್ಪು ಬೆಳೆಯುವುದಿಲ್ಲ ಎಂದು ಯಾರಿಗಾದರೂ ಹೊಳೆಯಬೇಕಿತ್ತು. ಬಾಯಾರಿದವನಿಗೆ ಹೊಳೆಯಲಿಲ್ಲ. ತೊಟ್ಟಿಕ್ಕುವುದನ್ನು ಕಾಯುವ ತಾಳ್ಮೆಯಿಲ್ಲದೆ ಕತ್ತಿಯ ತುದಿಯಿಂದ ಕ್ಲಿಪ್ಪಿನ ಸ್ಕ್ರೂ ಸಡಿಲಿಸಿ ಪೈಪನ್ನು ಎಳೆದೆ. ನೀರು ಚಿಮ್ಮಿ ಮುಖಕ್ಕೆ ಬಡಿಯಿತು. ಹೊಟ್ಟೆ ತುಂಬ ಕುಡಿದೆ. ಪೈಪನ್ನು ತಿರುಗಿ ಸೇರಿಸಲು ಎಷ್ಟು ಒತ್ತಿದರೂ ನೀರಿನ ರಭಸಕ್ಕೆ ಅದು ಕೂರಲಿಲ್ಲ. ಯಾರೋ ಬಿಟ್ಟುಹೋದ ಹಳೆಯ ಪೈಪಿರಬೇಕೆಂದು ಸಮಾಧಾನ ಮಾಡಿಕೊಂಡೆ. ಸುತ್ತ ಒಳ್ಳೆಯ ಕೆಸರಾಯಿತು. ಸೊಳ್ಳೆ ಕಚ್ಚುತ್ತಿದ್ದುದರಿಂದ, ಶಾಸ್ತ್ರೋಕ್ತವಾಗಿ ಕೆಸರನ್ನು ಮೈಗೆಲ್ಲ ಮೆತ್ತಿಕೊಂಡು, ಒಣ ಎಲೆಗಳ ರಾಶಿಯಲ್ಲಿ ಮಲಗಿದೆ. ಎಲೆಗಳೆಲ್ಲ ಕೆಸರಿಗೆ ಅಂಟಿಕೊಂಡವು. ತೆಂಗಿನ ನಾರಿನ ಹಾಸಿಗೆಗಿಂತ ತುಸು ಒರಟು, ಅಷ್ಟೆ. ಕಣ್ಣು ಮುಚ್ಚಿತು.

ಎಚ್ಚರವಾದದ್ದು ಡಬ್ಬ ಬಡಿಯುವ ಸದ್ದಿಗೆ. ಕೆಳಗಿನಿಂದ ಹಲವರು “ಆನೆ, ಆನೆ” ಎಂದು ಬೊಬ್ಬೆ ಹಾಕುತ್ತಿದ್ದರು. ಮನೆಗೆ ನೀರು ಬರುವುದು ನಿಂತಿತು, ಆನೆಯೇ ಪೈಪು ತುಳಿದಿರಬೇಕು ಎಂಬುದು ಅವರ ಲೆಕ್ಕ. ನನ್ನ ಲೆಕ್ಕ, ಆನೆ ನನ್ನ ಹಿಂದೆಯೇ ಇದೆ ಎಂಬುದು. ಸಾಹಸಿ ಇಂಥ ಹೊತ್ತಿನಲ್ಲಿ ಅಲ್ಲಾಡದೆ ನಿಲ್ಲುತ್ತಾನೆ. ನಾನು ಎಲೆಯ ರಾಶಿಯಿಂದ ಎದ್ದು, ಕತ್ತಿ ಹಿಡಿದುಕೊಂಡೇ, ಜನರ ಸದ್ದು ಬಂದ ಕಡೆಗೆ ಓಡಿದೆ.

ಎದುರಿನಿಂದ ಒಬ್ಬ ಹಿರಿಯರು ಮೇಲೆ ಬರುತ್ತಿದ್ದರು. ಒಂದು ಕೈಯಲ್ಲಿ ಲೈಟರು, ಇನ್ನೊಂದು ಕೈಯಲ್ಲಿ ಆನೆ ಓಡಿಸುವ ಗರ್ನಾಲು ಪಟಾಕಿ. ಕೆಸರು, ಎಲೆ, ಕತ್ತಿ ಸಮೇತ ಕಿರುಚುತ್ತಾ ಬರುವ ನನ್ನನ್ನು ಕಂಡು ಅವರು ಗರ್ನಾಲನ್ನು ಬಲವಾಗಿ ಎಸೆದರು. ಹೊತ್ತಿಸಲು ಮರೆತಿದ್ದರು! ಅದು ನೇರ ನನ್ನ ಹಣೆಗೆ ಬಡಿದು ಕೆಳಗೆ ಬಿತ್ತು. ಅವರು ತಿರುಗಿ ಹತ್ತಿರದ ರಬ್ಬರ್ ಮರವನ್ನು ಹತ್ತಿಬಿಟ್ಟರು. ಅಂದರೆ, ಹತ್ತಿದ್ದೇನೆ ಎಂದು ಅವರು ತಿಳಿದುಕೊಂಡಿದ್ದರು. ಮರವನ್ನು ಗಟ್ಟಿಯಾಗಿ ಅಪ್ಪಿ, ಕಣ್ಣು ಮುಚ್ಚಿ ಕಲಿಮಾ ಹೇಳುತ್ತಿದ್ದರು. ಎರಡು ಕಾಲೂ ನೆಲದ ಮೇಲೆಯೇ ಇದ್ದವು.

ಸ್ವರದ ಗುರುತು ಸಿಕ್ಕಿತು.

“ಹಾಜಿಯವರೇ, ನಾನು. ಬೆಟ್ಟಂಪಾಡಿಯ ಹಮೀದ್. ಶಮೀಮಳ ಅಪ್ಪ.”

ಹಾಜಿಯವರು ಒಂದು ಕಣ್ಣು ತೆರೆದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ತಮ್ಮ ಕಾಲನ್ನು ನೋಡಿಕೊಂಡರು. ಪೈಪಿನ ನೀರು ಸುರಿಯುತ್ತಲೇ ಇತ್ತು. ಮಗಳ ಸಂಬಂಧ ಆ ನೀರಿನ ಜೊತೆಗೆ ಗುಡ್ಡ ಇಳಿದು ಹೋಗುತ್ತಿದೆ ಎಂದೇ ನನಗೆ ತೋರಿತು. ಪೈಪು ಬಿಚ್ಚಿದ್ದು ನಾನೇ ಎಂದು ತೊದಲುತ್ತಾ ಎಲ್ಲವನ್ನೂ ಹೇಳಲು ಹೊರಟೆ. ಅವರು ಕೈ ಅಡ್ಡ ಹಿಡಿದು ಕೆಳಗೆ ಇಣುಕಿದರು. ಡಬ್ಬ ಬಡಿಯುವವರು ಇನ್ನೂ ದೂರವಿದ್ದರು.

“ನಾನು ಮರ ಹಿಡಿದದ್ದನ್ನು ನೀವು ನೋಡ್ಲಿಲ್ಲ” ಎಂದರು ಮೆಲ್ಲಗೆ. “ನೀವು ಪೈಪು ಬಿಚ್ಚಿದ್ದನ್ನು ನಾನೂ ನೋಡ್ಲಿಲ್ಲ. ಆನೆ ಬಂದಿತ್ತು. ಆಗ್ಬಹುದಾ?”

ಆಗಬಾರದೆ! ಅವರು ನೆಲದಲ್ಲಿದ್ದ ಗರ್ನಾಲನ್ನು ಹೆಕ್ಕಿ, ಒರೆಸಿ, ಈ ಸಲ ಹೊತ್ತಿಸಿ ದೂರ ಎಸೆದರು. ಗುಡ್ಡ ನಡುಗಿತು. ಇಬ್ಬರೂ ಖಾಲಿ ಗುಡ್ಡದ ಕಡೆಗೆ ಮುಖ ಮಾಡಿ ಹೋ ಹೋ ಎಂದು ಅಬ್ಬರಿಸಿದೆವು. ನನ್ನ ಬೊಬ್ಬೆ ಸಾಕಾಗಲಿಲ್ಲವೆಂದು ಹಾಜಿಯವರು ಇನ್ನೊಮ್ಮೆ ಹಾಕಿಸಿದರು. ಎರಡನೆಯ ಸಲ ಬಹಳ ಚೆನ್ನಾಗಿ ಬಂತು. ಡಬ್ಬದವರು ಬಂದು ಸೇರುವಾಗ ನಾವಿಬ್ಬರೂ ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆವು. ಭಾವೀ ಬೀಗರು ತೋಟ ನೋಡಲು ಬಂದವರು ಕತ್ತಿ ಹಿಡಿದು ಪಕ್ಕಕ್ಕೆ ನಿಂತರು, ಇಲ್ಲದಿದ್ದರೆ ಕಷ್ಟವಿತ್ತು ಎಂದು ಹಾಜಿಯವರು ಹೇಳಿದರು. ಟಿವಿಯವರು ಕೂಡ ಇಷ್ಟು ಬೇಗ ಎಡಿಟ್ ಮಾಡುವುದಿಲ್ಲ.

ಬೀಗರ ಮನೆಗೆ ಮೊದಲ ಸಲ ಹೋಗುವಾಗ ಬೇಕರಿಯ ಪೊಟ್ಟಣ, ಹಣ್ಣು, ಹಲ್ವ ಇಲ್ಲದೆ ನಮ್ಮಲ್ಲಿ ಯಾರೂ ಮೆಟ್ಟಿಲು ಹತ್ತುವುದಿಲ್ಲ. ನಾನು ಕೆಸರು ಬಳಿದುಕೊಂಡು, ಕೈಯಲ್ಲೊಂದು ಕತ್ತಿ ಹಿಡಿದುಕೊಂಡು ಹತ್ತಿದೆ. ಹಾಜಿಯವರ ಹೆಂಡತಿ ಆಸ್ಯಮ್ಮ ಏನೂ ಹೇಳದೆ ಸ್ನಾನಕ್ಕೆ ನೀರು ಕೊಟ್ಟರು, ಹಾಜಿಯವರ ಅಂಗಿ ಕೊಟ್ಟರು, ಅಕ್ಕಿ ರೊಟ್ಟಿ, ಕೋಳಿ ಸಾರು ಬಡಿಸಿದರು. ಒಂದೇ ಒಂದು ಮಾತು ಆಡಿದರು, ಅದೂ ಮೂರನೆಯ ರೊಟ್ಟಿ ಹಾಕುವಾಗ.

“ಭಾರೀ ಜಾಗ್ರತೆಯ ಆನೆ. ಸ್ಕ್ರೂ ಕೂಡ ಹಾಳು ಮಾಡದೆ ಕ್ಲಿಪ್ಪು ಬಿಚ್ಚಿ ಇಟ್ಟಿದೆ.”

ನಾನು ಸಾರಿಗೆ ಮುಖ ಬಗ್ಗಿಸಿದೆ. ಹಾಜಿಯವರು ಸಾರಿಗೆ ಉಪ್ಪು ಹಾಕಿಕೊಂಡರು, ಆಮೇಲೆ ಇನ್ನೊಮ್ಮೆ ಹಾಕಿಕೊಂಡರು.

ಕತ್ತಲಾಗುವ ಮೊದಲೇ ಮನೆಗೆ ತಲುಪಿದೆ. ಒಂದು ರಾತ್ರಿಯ ಅರಣ್ಯವಾಸದಲ್ಲಿ ರಾತ್ರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗಿತ್ತು. ಆನೆಯ ಕಥೆಯನ್ನು ಮೈಮೂನ ಕೊನೆಯವರೆಗೆ ಕೇಳಿ, ಮೊಬೈಲು ಎಲ್ಲಿ ಎಂದಳು. ಆನೆ ತುಳಿಯಿತು ಎಂದೆ. ಚೂರಾದರೂ ಉಳಿಯಲಿಲ್ಲವಾ ಎಂದಳು. ದೊಡ್ಡ ಆನೆ ಎಂದೆ. ಶಮೀಮ ಮಾತ್ರ ಬಾಗಿಲ ಸಂದಿನಿಂದ ಪೂರ್ತಿ ಹೊರಗೆ ಬಂದು, ನನ್ನ ಹಣೆಯ ಬುಗುಟಿಗೆ ಮುಲಾಮು ಹಚ್ಚಿ, “ಪೆಟ್ಟಾಯ್ತಾ ಬಾವಾ?” ಎಂದು ಕೇಳಿದಳು. ಬ್ಯಾರಿಯಲ್ಲಿ ಬಾವ ಎಂದರೆ ಅಪ್ಪ. ನನಗೆ ಆ ಒಂದು ಕ್ಷಣ ಬಹಳ ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಹಾಜಿಯವರ ಮನೆಯವರೆಲ್ಲ ಬಂದರು. ಗಂಡಸರು ಚಾವಡಿಯಲ್ಲಿ ಕೂತರು, ಹೆಂಗಸರು ಒಳಗೆ ಹೋದರು. ಎಲ್ಲರ ಒತ್ತಾಯಕ್ಕೆ ಆನೆಯ ಕಥೆ ಶುರುವಾಯಿತು. ಹಾಜಿಯವರು ಅರ್ಧ ಹೇಳುವುದು, ನಾನು ಮುಂದುವರಿಸುವುದು. ಹೇಳುತ್ತಾ ಹೇಳುತ್ತಾ ಆನೆಗೆ ಕೊಂಬು ಬೆಳೆಯಿತು, ಜೊತೆಗೊಂದು ಮರಿಯೂ ಬಂತು. ನಾನು ಸೊಂಡಿಲನ್ನು ಅತಿ ಸಮೀಪದಿಂದ ವರ್ಣಿಸುತ್ತಿದ್ದಾಗ ಒಳಗಿನಿಂದ ಒಂದು ನಗು ಕೇಳಿಸಿತು. ಆಮೇಲೆ ಇನ್ನೊಂದು. ಆಮೇಲೆ ಅಡುಗೆ ಮನೆಯೇ ನಗತೊಡಗಿತು. ಅದರ ನಡುವೆ ಯಾರೋ ಗಂಡಸು ಗಟ್ಟಿಯಾಗಿ ಬೇಡಿಕೊಳ್ಳುವ ಸ್ವರ. “ಓ ಮರವೇ, ನೀನಾದರೂ ಹೇಳು ಮಾರಾಯ, ನನ್ನ ಮೊಬೈಲು ಎಲ್ಲಿ ಉಂಟು?”

ಅದು ನನ್ನ ಸ್ವರವೇ.

ಬೆಳಗಿನ ಜಾವ ಹಾಲು ತೆಗೆಯಲು ಹೋದವರಿಗೆ ಕಪ್ಪಿನಲ್ಲಿ ಮೊಬೈಲು ಸಿಕ್ಕಿತ್ತು. ಅವರು ಅದನ್ನು ಆಸ್ಯಮ್ಮನಿಗೆ ಕೊಡದೆ ಇನ್ನಾರಿಗೆ ಕೊಡುತ್ತಾರೆ? ನಂಬರ್ ನೆನಪಿರುವುದಿಲ್ಲವೆಂದು ನಾನು ಅದಕ್ಕೆ ಲಾಕು ಹಾಕಿರಲಿಲ್ಲ. ಆಸ್ಯಮ್ಮ ಚಾರ್ಜಿಗಿಟ್ಟು ನೋಡಿದ್ದರು, ಕೈಚೀಲದಲ್ಲಿ ಜೋಪಾನವಾಗಿ ತಂದಿದ್ದರು. ನಾನು ಹುಡುಕುತ್ತಿದ್ದ ಮರ ಉದ್ದಕ್ಕೂ ನನ್ನ ಮುಂದೆಯೇ ಇತ್ತಂತೆ. ನಾನು ಅದರ ಎದುರಿನಿಂದ ಹಾದುಹೋದದ್ದು, ಬೈದದ್ದು, ಕ್ಲಿಪ್ಪು ಬಿಚ್ಚಿದ್ದು, ಕೆಸರು ಮೆತ್ತಿದ್ದು, ಗೊರಕೆ ಹೊಡೆದದ್ದು, ಗರ್ನಾಲು ಹಣೆಗೆ ಬಿದ್ದದ್ದು, ಹಾಜಿಯವರು ನೆಲದಲ್ಲಿ ನಿಂತೇ ಮರ ಹತ್ತಿದ್ದು, ಇಲ್ಲದ ಆನೆಯನ್ನು ಇಬ್ಬರೂ ಎರಡೆರಡು ಸಲ ಓಡಿಸಿದ್ದು, ಯಾವುದನ್ನೂ ಅದು ಬಿಟ್ಟಿರಲಿಲ್ಲ.

ಚಾವಡಿಯಲ್ಲಿ ಎಲ್ಲರೂ ನಮ್ಮಿಬ್ಬರ ಮುಖ ನೋಡಿದರು. ಹಾಜಿಯವರು ಸೀಲಿಂಗ್ ಫ್ಯಾನು ನೋಡಿದರು. ನಾನು ಅವರನ್ನು ನೋಡಿದೆ. ಸಂಬಂಧ ಮುರಿಯಿತು, ನನ್ನ ಬಾಯಿಂದಲೇ ಮುರಿಯಿತು ಎಂದುಕೊಂಡೆ. ಅಷ್ಟರಲ್ಲಿ ಆಸ್ಯಮ್ಮ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಮಳೆಗಾಲಕ್ಕೆ ಮೊದಲೇ ದಿನ ಇಡಬೇಕು, ನಾವು ಒಳಗೆ ನಿಶ್ಚಯ ಮಾಡಿಯಾಯಿತು ಎಂದು ತಿಳಿಸಿದರು. “ನಮ್ಮಲ್ಲಿ ಒಬ್ಬರು ಹೀಗೆಯೇ ಉಂಟು. ಹುಡುಗಿಗೆ ನಮ್ಮ ಮನೆ ಹೊಸತು ಅಂತ ಅನ್ನಿಸ್ಲಿಕ್ಕಿಲ್ಲ.”

ಅವರ ಹಿಂದೆ ಮೈಮೂನ ಚಹಾದ ತಟ್ಟೆ ಹಿಡಿದು ಬಂದಳು. ನನಗೆ ಲೋಟ ಕೊಡುವಾಗ ಬಗ್ಗಿ ಮೆಲ್ಲಗೆ ಹೇಳಿದಳು.

“ಈ ಸಲ ಕ್ಯಾಮರಾ ಹಿಡಿದದ್ದು ಮರ. ಅದು ಎಂತದೂ ತಿನ್ನುದಿಲ್ಲ. ಹಾಗೆ ಸತ್ಯ ಬಂದದ್ದು.”

ಮದುವೆ ಚೆನ್ನಾಗಿ ಆಯಿತು. ಹಾಜಿಯವರೂ ನಾನೂ ಈಗ ಬಹಳ ಆತ್ಮೀಯರು, ಆನೆಯ ವಿಷಯ ಬಿಟ್ಟು ಉಳಿದೆಲ್ಲ ಮಾತಾಡುತ್ತೇವೆ. ಆ ಕಾರ್ಯಕ್ರಮ ಈಗಲೂ ಅದೇ ಹೊತ್ತಿಗೆ ಬರುತ್ತದಂತೆ. ನಮ್ಮಲ್ಲಿ ಯಾರೂ ಅದನ್ನು ನೋಡುವುದಿಲ್ಲ. ನೆಂಟರು ಬಂದರೆ ಮೈಮೂನ ಟಿವಿಗೆ ನನ್ನ ಮೊಬೈಲನ್ನು ಸಿಕ್ಕಿಸುತ್ತಾಳೆ, ನಾನು ಒಳಗೆ ಹೋಗಿ ಬಾಗಿಲ ಸಂದಿನಲ್ಲಿ ನಿಲ್ಲುತ್ತೇನೆ.